ಟ್ಯೂಬಿಂಗೆನ್‌ನಲ್ಲಿ ನಾಲ್ಕು ವಾರ: ಬೇಸಿಗೆಯ ಜರ್ಮನ್ ಕೋರ್ಸಿಗೆ ಹೊರಡುವವರಿಗೆ

ಜರ್ಮನಿಯ ಹಲವು ವಿಶ್ವವಿದ್ಯಾಲಯಗಳು ಅಲ್ಲಿನ ಬೇಸಿಗೆಯಲ್ಲಿ, ಎಂದರೆ ನಮ್ಮ ಮಳೆಗಾಲದಲ್ಲಿ, ವಿದೇಶಿ ವಿದ್ಯಾರ್ಥಿಗಳಿಗೆ ಕಿರು ಅವಧಿಯ ಭಾಷಾ ಕೋರ್ಸುಗಳನ್ನು ನಡೆಸುತ್ತವೆ. ನಾನು ಆಗಸ್ಟ್ ತಿಂಗಳನ್ನು ಹಾಗೆ ಕಳೆದದ್ದು ನೆಕ್ಕರ್ ನದಿಯ ದಂಡೆಯ ಟ್ಯೂಬಿಂಗೆನ್‌ನಲ್ಲಿ. ನಾಲ್ಕು ವಾರವೆಂದರೆ ತರಗತಿ ನಡೆಯುವುದು ಹೆಚ್ಚೆಂದರೆ ಇಪ್ಪತ್ತು ದಿನ. ಆದ್ದರಿಂದ ಊರಿನಲ್ಲೇ ಕಲಿಯಬಹುದಾದದ್ದನ್ನು ಊರಿನಲ್ಲೇ ಕಲಿತು ಹೋಗಬೇಕು. ಆರಂಭದಲ್ಲೇ ನಡೆಯುವ ಪರೀಕ್ಷೆಯ ಆಧಾರದ ಮೇಲೆ ತರಗತಿ ನಿಗದಿಯಾಗುವುದರಿಂದ, ಏನೂ ತಿಳಿಯದೆ ಹೋದವರು ಬೆಂಗಳೂರಿನಲ್ಲೇ ಕಲಿಯಬಹುದಾಗಿದ್ದ ಅಕ್ಷರ ಮತ್ತು ಅಂಕಿಗಳಿಗೆ ಅಮೂಲ್ಯ ದಿನಗಳನ್ನು ತೆರಬೇಕಾಗುತ್ತದೆ. ಕನಿಷ್ಠ ಎ1 ಎಂಬ ಮೊಟ್ಟಮೊದಲ ಹಂತವನ್ನಾದರೂ ಮುಗಿಸಿ ಹೊರಡಿ.

ತೊಂಬತ್ತು ದಿನ ಮೀರದ ಕೋರ್ಸಿಗೆ ಷೆಂಗೆನ್ ವೀಸಾ, ಎಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಕಿರು ಅವಧಿಯ ವೀಸಾ, ಸಾಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು ಹದಿನೈದು ದಿನ ಮೊದಲು. ಆದರೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾಗುವುದರಿಂದ, ಪ್ರವೇಶಪತ್ರ ಕೈಸೇರಿದ ದಿನವೇ ಅದನ್ನು ಕಾಯ್ದಿರಿಸುವುದು ಒಳ್ಳೆಯದು. ಕನಿಷ್ಠ 30,000 ಯೂರೋ ವೆಚ್ಚ ಭರಿಸುವ ಪ್ರಯಾಣ ವಿಮೆ, ವಸತಿಯ ದಾಖಲೆ, ಖರ್ಚು ವಹಿಸುವ ತಂದೆತಾಯಿಯ ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್, ರಜೆ ಮುಗಿದ ಮೇಲೆ ಮರಳಿ ಬರುವಿರೆಂಬ ಕಾಲೇಜಿನ ಪತ್ರ ಇವೆಲ್ಲವನ್ನೂ ಸಿದ್ಧವಾಗಿ ಇಟ್ಟುಕೊಂಡಿರಿ.

ಸಾಧ್ಯವಾದರೆ ಶನಿವಾರ ರಾತ್ರಿ ತಲಪುವ ವಿಮಾನವನ್ನು ತಪ್ಪಿಸಿ. ಜರ್ಮನಿಯಲ್ಲಿ ಭಾನುವಾರ ದಿನಸಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣಗಳ ಮಳಿಗೆಗಳಷ್ಟೇ ತೆರೆದಿರುತ್ತವೆ. ಇದು ಗೊತ್ತಿಲ್ಲದೆ ಹೋದ ನನಗೆ ಆ ಮೊದಲ ಭಾನುವಾರ ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿಗಳೇ ಊಟವಾದವು. ಓಡಾಟಕ್ಕೆ, ದೇಶದಾದ್ಯಂತ ಸ್ಥಳೀಯ ಬಸ್ಸು-ರೈಲುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಅನುಕೂಲಕರವಾದರೂ ಅದು ತಾನಾಗಿ ನವೀಕರಣಗೊಳ್ಳುವ ಮಾಸಿಕ ಚಂದಾ. ಅದೇ ತಿಂಗಳ 10ರೊಳಗೆ ರದ್ದುಪಡಿಸದಿದ್ದರೆ ಮುಂದಿನ ತಿಂಗಳ ಹಣವೂ ಕಡಿತವಾಗುತ್ತದೆ.

ವೇಳಾಪಟ್ಟಿಯಲ್ಲಿ ಗಂಟೆಯ ಮುಂದೆ 'ಸಿ.ಟಿ.' ಎಂದಿದ್ದರೆ ಉಪನ್ಯಾಸ ಹದಿನೈದು ನಿಮಿಷ ತಡವಾಗಿ, 'ಎಸ್.ಟಿ.' ಎಂದಿದ್ದರೆ ಸರಿಯಾಗಿ ಅದೇ ಗಂಟೆಗೆ ಆರಂಭವಾಗುತ್ತದೆ. ತರಗತಿಯ ಜರ್ಮನ್ ಒಂದು, ಬೀದಿಯ ಜರ್ಮನ್ ಇನ್ನೊಂದು. ಟ್ಯೂಬಿಂಗೆನ್ ಇರುವುದು ತನ್ನದೇ ಆಡುನುಡಿಯಿರುವ ಶ್ವಾಬಿಯ ಸೀಮೆಯಲ್ಲಿ. ಪುಸ್ತಕದ 'ಇಸ್ಟ್' (ಎಂದರೆ 'ಇದೆ') ಅಲ್ಲಿನ ಹಿರಿಯರ ಬಾಯಲ್ಲಿ 'ಇಷ್' ಆಗುತ್ತದೆ. ಮೈಸೂರಿನ ಪಠ್ಯಪುಸ್ತಕ ಓದಿ ಧಾರವಾಡದ ಸಂತೆಗೆ ಹೋದವರ ಸ್ಥಿತಿಯೇ ಅದು. ಕಂಗೆಡಬೇಡಿ, ಬೇಕರಿಯ ಸಾಲಿನಲ್ಲಿ ನಿಂತು ದಿನಕ್ಕೊಂದು ಬಾರಿಯಾದರೂ ಜರ್ಮನ್‌ನಲ್ಲೇ ಕೇಳಿ. ನನ್ನ ಉಚ್ಚಾರಣೆ ಕೇಳಿ ಎದುರಿನವರು ಇಂಗ್ಲಿಷಿಗೆ ಹೊರಳಿದಾಗಲೂ ನಾನು ಜರ್ಮನ್ ಬಿಡಲಿಲ್ಲ. ಮೂರನೆಯ ವಾರ ಅಂಗಡಿಯ ಅಜ್ಜಿಯೊಬ್ಬರು ನನ್ನ ಪ್ರಶ್ನೆಗೆ ಜರ್ಮನ್‌ನಲ್ಲೇ, ನಿಧಾನವಾಗಿ, ಎರಡು ಸಲ ಉತ್ತರಿಸಿದ್ದು ಇಂದಿಗೂ ಕಿವಿಯಲ್ಲಿದೆ.

ಸಸ್ಯಾಹಾರಿಗಳು ಮೌಲ್ಟಾಷೆನ್ ಎಂಬ ತಿನಿಸಿನ ವಿಷಯದಲ್ಲಿ ಎಚ್ಚರದಿಂದಿರಬೇಕು. ನೋಡಲು ನಮ್ಮ ಕಡುಬಿನಂತೆಯೇ ಇದ್ದರೂ ಸಾಮಾನ್ಯವಾಗಿ ಅದರ ಹೂರಣದಲ್ಲಿ ಮಾಂಸವಿರುತ್ತದೆ. ಚೀಸ್ ಬೆರೆಸಿದ ನೂಡಲ್ಸ್‌ನಂಥ ತಿನಿಸಾದ ಕೇಸೆ ಷ್ಪೆಟ್ಸ್ಲೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿದೆ.

ಒಂದು ಸಂಜೆಯನ್ನು ಕಿಟ್ಟೆಲ್ ಅವರಿಗಾಗಿ ತೆಗೆದಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನೆಂಡ್ ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಇಲ್ಲಿನ ವಿಶ್ವವಿದ್ಯಾಲಯವೇ ಅವರಿಗೆ ಗೌರವ ಡಾಕ್ಟರೇಟ್ ನೀಡಿತ್ತು. 1843ರಲ್ಲಿ 'ಮಂಗಳೂರು ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರಿಗೂ ಆ ಗೌರವ ಸಂದಿತ್ತು. ನೆಕ್ಕರ್ ಸೇತುವೆಯ ಮೇಲೆ ನಿಂತು, ಉದ್ದನೆಯ ಗಳು ಊರಿ ದೋಣಿ ನಡೆಸುವವರನ್ನು ನೋಡುತ್ತಾ, ಹೊಸ ಭಾಷೆಯೊಂದನ್ನು ಕಲಿಯಲು ಕಿಟ್ಟೆಲ್, ಮೋಗ್ಲಿಂಗ್ ಅವರು ಕೊಟ್ಟದ್ದು ನಾಲ್ಕು ವಾರವಲ್ಲ, ದಶಕಗಳು ಎಂದು ನಾನು ಬಹಳ ಹೊತ್ತು ಯೋಚಿಸಿದ್ದೆ.

ಕ್ರೆಡಿಟ್ ಬೇಕಿರುವವರು ಕೋರ್ಸಿನ ಪಠ್ಯಕ್ರಮವನ್ನು ತಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿ ಹೊರಡುವ ಮುನ್ನವೇ ಲಿಖಿತ ಒಪ್ಪಿಗೆ ಪಡೆಯಬೇಕು. ಪ್ರಮಾಣಪತ್ರದಲ್ಲಿ ಹಾಜರಾತಿಯ ಜೊತೆಗೆ ಬೋಧನೆಯ ಗಂಟೆ, ಹಂತ, ಅಂಕ ಮತ್ತು ಇಸಿಟಿಎಸ್ (ಯುರೋಪಿನ ವಿಶ್ವವಿದ್ಯಾಲಯಗಳ ಪದ್ಧತಿಯ) ಕ್ರೆಡಿಟ್ ಸಹ ನಮೂದಾಗಿವೆಯೇ ಎಂದು ಅಲ್ಲೇ ಓದಿ ನೋಡಿ, ಕೊರತೆಯಿದ್ದರೆ ಊರು ಬಿಡುವ ಮೊದಲೇ ಕಚೇರಿಗೆ ಹೋಗಿ ಸರಿಪಡಿಸಿಕೊಳ್ಳಿ.