ಅಪ್ಪನ ರೀಫಂಡ್ ಎಲ್ಲಿ ನಿಂತಿತ್ತು? ತಡವಾದ ತೆರಿಗೆ ಹಣ ಪತ್ತೆ ಮಾಡುವುದು ಹೀಗೆ

ನಮ್ಮಪ್ಪ ನಿವೃತ್ತ ಮೇಷ್ಟ್ರು. ಪಿಂಚಣಿ, ಎಫ್‌ಡಿ ಬಡ್ಡಿ ಬಿಟ್ಟರೆ ಬೇರೆ ಆದಾಯವಿಲ್ಲ. ಬಡ್ಡಿಯಲ್ಲಿ ಹಿಡಿದಿದ್ದ ಟಿಡಿಎಸ್ 11,280 ರೂಪಾಯಿ ವಾಪಸ್ ಬರಬೇಕಿತ್ತು. ಜುಲೈನಲ್ಲಿ ರಿಟರ್ನ್ ಹಾಕಿದ್ದು ನಾನೇ. ದಸರಾ ಕಳೆದರೂ ಹಣ ಬರಲಿಲ್ಲ. ಅಪ್ಪ ವಾರಕ್ಕೊಮ್ಮೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬರುತ್ತಿದ್ದರು. ನನ್ನನ್ನು ಏನೂ ಕೇಳುತ್ತಿರಲಿಲ್ಲ. ಅದೇ ನನಗೆ ಜಾಸ್ತಿ ಸಂಕಟ.

ಸುಮ್ನೆ ಕಾಯಬೇಡಿ. ಇ-ವೆರಿಫೈ (ರಿಟರ್ನ್ ನಮ್ಮದೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸುವುದು) ಆದ ಮೇಲೆ ಸಾಮಾನ್ಯವಾಗಿ ನಾಲ್ಕೈದು ವಾರದಲ್ಲಿ ಹಣ ಬರುತ್ತದೆ. ಅಷ್ಟು ದಿನ ದಾಟಿದರೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, ‘ಇ-ಫೈಲ್’ ಅಡಿಯಲ್ಲಿ ‘ವ್ಯೂ ಫೈಲ್ಡ್ ರಿಟರ್ನ್ಸ್’ ತೆರೆಯಿರಿ. ನಿಮ್ಮ ರಿಟರ್ನ್ ಯಾವ ಹಂತದಲ್ಲಿ ನಿಂತಿದೆ ಅಂತ ಅಲ್ಲೇ ಕಾಣುತ್ತದೆ.

‘ಪೆಂಡಿಂಗ್ ಫಾರ್ ಇ-ವೆರಿಫಿಕೇಶನ್’ ಅಂತಿದ್ದರೆ ಕೆಲಸ ಅರ್ಧಕ್ಕೇ ನಿಂತಿದೆ ಅಂತ ಅರ್ಥ. ರಿಟರ್ನ್ ಹಾಕಿದ 30 ದಿನದೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ವೆರಿಫೈ ಮಾಡಬೇಕು. ಕಾಗದದ ದಾರಿ ಹಿಡಿದವರು ಸಹಿ ಮಾಡಿದ ಐಟಿಆರ್-ವಿ ಯನ್ನು (ರಿಟರ್ನ್ ಹಾಕಿದ ಮೇಲೆ ಸಿಗುವ ಒಂದು ಪುಟದ ನಮೂನೆ) ಬೆಂಗಳೂರಿನ ಸಿಪಿಸಿಗೆ, ಅಂದರೆ ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರಕ್ಕೆ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬೇಕು, ರಸೀದಿ ಜೋಪಾನ. 30 ದಿನ ಮೀರಿದ್ದರೆ ‘ಸರ್ವಿಸಸ್’ನಲ್ಲಿ ‘ಕಂಡೋನೇಶನ್ ರಿಕ್ವೆಸ್ಟ್’, ಅಂದರೆ ತಡವನ್ನು ಮನ್ನಿಸಿ ಅನ್ನುವ ಕೋರಿಕೆ, ಇದೆ. ತಡವಾದ ಕಾರಣವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ವೆರಿಫೈ ಆಗದ ರಿಟರ್ನ್ ಹಾಕದೇ ಇದ್ದ ಲೆಕ್ಕ, ಇದನ್ನು ಮರೆಯಬೇಡಿ.

ಅಪ್ಪನದು ವೆರಿಫೈ ಆಗಿತ್ತು, ಪ್ರೊಸೆಸ್ ಕೂಡ ಆಗಿತ್ತು. ಆದರೆ ರೀಫಂಡ್ ಫೇಲ್ ಆಗಿತ್ತು. ‘ಮೈ ಬ್ಯಾಂಕ್ ಅಕೌಂಟ್’ ತೆರೆದರೆ ಖಾತೆ ವ್ಯಾಲಿಡೇಟ್ ಆಗಿಲ್ಲ (ಅಪ್ಪನದೇ ಅಂತ ಖಚಿತವಾಗಿಲ್ಲ), ಹೆಸರು ಹೊಂದುತ್ತಿಲ್ಲ ಅಂತ ಇತ್ತು. ಪಾನ್ ಕಾರ್ಡ್, ಪಾಸ್‌ಬುಕ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಪಾನ್‌ನಲ್ಲಿ ಊರಿನ ಹೆಸರು, ತಾತನ ಹೆಸರು ಪೂರ್ತಿ ಬಿಡಿಸಿ ಬರೆದಿದೆ. ಪಾಸ್‌ಬುಕ್ಕಿನಲ್ಲಿ ಎರಡು ಇನಿಷಿಯಲ್ ಅಷ್ಟೇ. ನಮ್ಮ ಕಡೆ ಹಿರಿಯರ ಎಷ್ಟೋ ದಾಖಲೆಗಳು ಹೀಗೇ ಅಲ್ವಾ?

ಪಾನ್, ಆಧಾರ್ ಜೆರಾಕ್ಸ್ ಜೊತೆ ಅರ್ಜಿ ಕೊಟ್ಟು ಬ್ಯಾಂಕಿನಲ್ಲಿ ಹೆಸರು ಸರಿ ಮಾಡಿಸಿದೆವು. ಆಮೇಲೆ ಪೋರ್ಟಲ್‌ನಲ್ಲಿ ಖಾತೆಯನ್ನು ‘ರೀ-ವ್ಯಾಲಿಡೇಟ್’ ಮಾಡಿ, ‘ರೀಫಂಡ್ ರೀಇಶ್ಯೂ’, ಅಂದರೆ ಹಣ ಮತ್ತೆ ಕಳಿಸಿ ಅನ್ನುವ ಕೋರಿಕೆ ಹಾಕಿದೆ. ಅದಕ್ಕೂ ಒಟಿಪಿ ಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ವಿಲೀನವಾದ ಬ್ಯಾಂಕುಗಳ ಖಾತೆ ಇದ್ದವರು ಐಎಫ್‌ಎಸ್‌ಸಿ ಕೋಡ್ ಹೊಸದೋ ಹಳೆಯದೋ ನೋಡಿಕೊಳ್ಳಿ. ಪಾನ್-ಆಧಾರ್ ಜೋಡಣೆಯಾಗದಿದ್ದರೂ ಹಣ ನಿಲ್ಲುತ್ತದೆ.

ಹಣ ಕಡಿಮೆ ಬಂದಿದ್ದರೆ ಇಮೇಲ್‌ಗೆ ಬಂದ ಇಂಟಿಮೇಷನ್ (ಇಲಾಖೆ ಹಾಕಿದ ಲೆಕ್ಕದ ಪತ್ರ) ಓದಿ. ಅದನ್ನು ತೆರೆಯುವ ಪಾಸ್‌ವರ್ಡ್ ಅಂದರೆ ಸಣ್ಣಕ್ಷರದಲ್ಲಿ ಪಾನ್, ಅದಕ್ಕೆ ಅಂಟಿಕೊಂಡೇ ಹುಟ್ಟಿದ ದಿನ, ತಿಂಗಳು, ವರ್ಷ. ಇಲಾಖೆ ಹಳೆಯ ತೆರಿಗೆ ಬಾಕಿಗೆ ವಜಾ ಮಾಡಿಕೊಂಡಿರಬಹುದು. ಆ ಬಾಕಿ ತಪ್ಪು ಅನ್ನಿಸಿದರೆ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮಾಂಡ್’ನಲ್ಲಿ ಒಪ್ಪಿಲ್ಲ ಅಂತ ದಾಖಲಿಸಿ. ಟಿಡಿಎಸ್ ಲೆಕ್ಕಕ್ಕೆ ನಿಮ್ಮ ಪಾನ್ ಹೆಸರಲ್ಲಿ ಜಮೆಯಾದ ತೆರಿಗೆಯ ಪಟ್ಟಿಯಾದ 26ಎಎಸ್ ತಾಳೆ ನೋಡಿ.

ಯಾವುದಕ್ಕೂ ಉತ್ತರ ಸಿಗದಿದ್ದರೆ ‘ಗ್ರೀವನ್ಸಸ್’ನಲ್ಲಿ ದೂರು ಕೊಡಿ, ನಂಬರ್ ಬರೆದಿಟ್ಟುಕೊಳ್ಳಿ. ಇಲಾಖೆಯ ಸಹಾಯವಾಣಿ 1800 103 0025ಕ್ಕೆ ಫೋನೂ ಮಾಡಬಹುದು. ‘ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ’ ಅಂತ ಮೆಸೇಜ್ ಬಂದರೆ ದಯವಿಟ್ಟು ಒತ್ತಬೇಡಿ. ಹಣಕ್ಕೆ ಕಾದು ಕೂತವರನ್ನೇ ಕಳ್ಳರು ಹುಡುಕುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ.

ಕೋರಿಕೆ ಹಾಕಿ ಮೂರನೇ ವಾರ ಹಣ ಬಂತು. ಅಪ್ಪ ಪಾಸ್‌ಬುಕ್ ತಂದು ಆ ಸಾಲಿನ ಮೇಲೆ ಬೆರಳಿಟ್ಟು, “ಇದೇನು ಜಾಸ್ತಿ ಬಂದಿದೆ?” ಅಂದರು. ತಿಂಗಳಿಗೆ ಶೇ. 0.5ರಂತೆ ಇಲಾಖೆ ಕೊಟ್ಟ ಬಡ್ಡಿ ಅದು. ಅದೂ ಆದಾಯವೇ, ಮುಂದಿನ ರಿಟರ್ನ್‌ನಲ್ಲಿ ತೋರಿಸಬೇಕು. ಪಾಸ್‌ಬುಕ್ಕಿನ ಆ ಪುಟಕ್ಕೆ ಆಗಲೇ ಒಂದು ಚೀಟಿ ಅಂಟಿಸಿಟ್ಟೆ.