ಟಾರ್ಪಾಲ್ ಎಳೆಯೋಕ್ ಮುಂಚೆ ಬೆಂಕಿ ಜಾಗ ನೋಡ್ಕೊಳಿ

ಚಳಿಗಾಲ ಬಂತಂದ್ರೆ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಫ್ರೆಂಡ್ಸ್ ತೋಟದಲ್ಲಿ ಟಾರ್ಪಾಲ್ ಕಟ್ಕೊಂಡು ನೈಟ್ ಉಳ್ಕೊಳೋರು ಜಾಸ್ತಿ. ಎಲ್ರೂ ಮಾಡೋದು ಒಂದೇ, ಮೊದ್ಲು ಟಾರ್ಪಾಲ್ ಬಿಗಿಯೋದು, ಕತ್ಲಾದ್ಮೇಲೆ ಅದರ ಬಾಯಿಗೇ ಸೌದೆ ಒಟ್ಟಿ ಹಚ್ಚೋದು. ಉಲ್ಟಾ ಮಾಡಿ ಗುರು, ಬೆಂಕಿ ಜಾಗ ಮೊದ್ಲು.

ತೋಟ ಅಂತ ಬೇಕಂತಲೇ ಹೇಳ್ದೆ, ಕಾಡು ಬೇಡವೇ ಬೇಡ. ಮುತ್ತತ್ತಿ ಸುತ್ತ ಕಾವೇರಿ ವನ್ಯಧಾಮ, ಮೇಲುಕೋಟೆ ಹತ್ರಾನೂ ವನ್ಯಧಾಮ ಇದೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಲ್ಲಿ ಬೆಂಕಿ ಹಾಕಂಗಿಲ್ಲ. 2019ರ ಫೆಬ್ರವರೀಲಿ ಬಂಡೀಪುರ ಹೆಂಗ್ ಉರೀತು ಅಂತ ಎಲ್ರೂ ನೋಡಿದೀವಲ್ಲ.

ಒಂದು ಹಿಡಿ ಒಣ ಮಣ್ಣು ಎತ್ತರದಿಂದ ಬಿಡಿ, ಗಾಳಿ ಎತ್ತ ಹೋಗತ್ತೆ ಅಂತ ಗೊತ್ತಾಗತ್ತೆ. ನಮ್ ಕಡೆ ಚಳೀಲಿ ಹೆಚ್ಚಾಗಿ ಮೂಡ್ಲು ಗಾಳಿ, ಮಳೆಗಾಲದಲ್ಲಿ ಪಡುವಲ ಗಾಳಿ, ಆದ್ರೂ ಕೆರೆ ಏರಿ ಪಕ್ಕ ಯಾವ್ ಕಡೆಗಾದ್ರೂ ತಿರುಗ್ಬೋದು. ಟಾರ್ಪಾಲ್ ಬೆನ್ನು ಗಾಳಿಗೆ ಕೊಟ್ಟು ಎದುರಿಗೆ ಬೆಂಕಿ ಹಾಕಿದ್ರೆ ಸೇಫು ಅಂದ್ಕೊತಾರೆ, ಅಲ್ಲ, ಗಾಳಿ ಮೇಲಿಂದ ದಾಟಿ ಮುಂದೆ ಸುಳಿ ಹೊಡ್ದು ಹೊಗೆ ಕಿಡಿ ಎರಡನ್ನೂ ಒಳಕ್ಕೇ ಎಳ್ಕೊಂಡ್ ಬರತ್ತೆ. ಗಾಳಿ ಟಾರ್ಪಾಲ್ ಬಾಯಿಗೆ ಅಡ್ಡಡ್ಡ ಹೋಗ್ಬೇಕು, ಬೆಂಕಿ ಆ ಗಾಳಿ ಹೋಗೋ ಕಡೆಗೆ ಸರಿದಿರ್ಬೇಕು.

ದೂರ 10 ಅಡಿಗಿಂತ ಕಮ್ಮಿ ಬೇಡ, ಗಾಳಿ ಜೋರಿದ್ರೆ 15. ನೀಲಿ ಟಾರ್ಪಾಲ್ ಪಾಲಿಥೀನು, 130 ಡಿಗ್ರಿ ಆಸುಪಾಸಲ್ಲೇ ಕರಗತ್ತೆ, ಹತ್ಕೊಂಡ್ರಂತೂ ಉರಿಯೋ ಹನಿ ಮಲಗಿರೋರ ಮೈಮೇಲೇ ತೊಟ್ಟಿಕ್ಕತ್ತೆ. ಮೇಲೂ ಒಂದ್ಸಲ ನೋಡಿ, ಒಣ ಗರಿ ಜೋತು ಬಿದ್ದಿರೋ ತೆಂಗಿನ ಮರದ ಕೆಳಗೆ ಬೇಡ. ಪಕ್ಕದಲ್ಲಿ ಕಬ್ಬು ಕಡಿದ ಗದ್ದೇಲಿ ತರಗು ಬಿದ್ದಿದ್ರೆ ಆ ಜಾಗಾನೇ ಬಿಟ್ಬಿಡಿ.

ಸುತ್ತ 5 ಅಡಿ ಬರೀ ಮಣ್ಣು ಕಾಣೋವರ್ಗೂ ಗುಡಿಸಿ ಗೇಣು ಆಳದ ಗುಂಡಿ ತೆಗೀರಿ. ಹೊಳೆ ಕಲ್ಲು ಇಡ್ಬೇಡಿ, ಒಳಗೆ ನೀರಿದ್ರೆ ಕಾದಾಗ ಸಿಡಿಯತ್ತೆ. ಬಿದಿರು ಇಡೀದಾಗಿ ಹಾಕಿದ್ರೂ ಗಿಣ್ಣಿನ ಮಧ್ಯದ ಗಾಳಿಗೆ ಪಟಾರ್ ಅನ್ನತ್ತೆ, ಸೀಳಿ ಹಾಕಿ. ಕಣಗಿಲೆ ಕಡ್ಡಿ ವಿಷ, ಮುಟ್ಲೇಬೇಡಿ. ತೆಂಗಿನ ಗರಿ ಹಚ್ಚೋಕ್ ಅಷ್ಟೇ, ಉರೀತಿರೋವಾಗ ಮೇಲ್ ಹಾಕಿದ್ರೆ ಉರಿಯೋ ಎಲೆನೇ ಹಾರತ್ತೆ. ಪೆಟ್ರೋಲ್ ಸುರಿಯೋ ಹೀರೋ ಇದ್ರೆ ಅವನ್ನ ಅಡುಗೆಗೆ ಈರುಳ್ಳಿ ಹೆಚ್ಚೋಕೆ ಕೂರ್ಸಿ. ಉರಿ ಮೊಣಕಾಲೆತ್ತರ ಸಾಕು, ಎರಡು ಬಿಂದಿಗೆ ನೀರು ಪಕ್ಕದಲ್ಲೇ ಇರ್ಲಿ.

ಚಳಿ ಅಂತ ಬಾಂಡ್ಲೀಲಿ ಕೆಂಡ ತುಂಬಿ ಟಾರ್ಪಾಲ್ ಒಳಗೆ ಇಟ್ಕೊಂಡು ಸುತ್ತ ಮುಚ್ಕೊಂಡು ಮಲಗ್ತಾರೆ, ಇದಂತೂ ಡೇಂಜರ್ರು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸ್ನೆ ಇಲ್ಲ, ನಿದ್ದೇಲೇ ಪ್ರಾಣ ಹೋಗತ್ತೆ.

ಮಲಗೋಕ್ ಮುಂಚೆ ನೀರ್ ಹುಯ್ದು, ಕೋಲಲ್ಲಿ ಕೆದಕಿ, ಮತ್ತೆ ಹುಯ್ಯಿರಿ. ಬರೀ ಮಣ್ಣು ಮುಚ್ಚಿದ್ರೆ ಕೆಂಡ ಬೆಳಗಿನವರ್ಗೂ ಒಳಗೇ ಇರತ್ತೆ, ಯಾರಾದ್ರೂ ಬರಿಗಾಲಲ್ಲಿ ತುಳೀತಾರೆ. ಅಂಗೈ ಹಿಂಭಾಗ ಬೂದಿ ಹತ್ರ ಹಿಡೀರಿ, ಇನ್ನೂ ಕಾವು ಹೊಡೀತಿದ್ರೆ ಇನ್ನೊಂದ್ ಬಿಂದಿಗೆ.