ಹಳೇ ಎಕ್ಸ್‌ಚೇಂಜ್ ಬದಲಾಯಿಸಿದ ಎರಡು ಮಂಗಳವಾರ

ಶಿವಮೊಗ್ಗದ 80 ಹಾಸಿಗೆಯ ಆಸ್ಪತ್ರೆಯೊಂದರಲ್ಲಿ ಕರೆಂಟು, ಕಂಪ್ಯೂಟರು, ಫೋನು ಮೂರೂ ನನ್ನ ತಲೆಗೇ ಕಟ್ಟಿದ್ದು. ಒಳಗಿನ ಫೋನುಗಳನ್ನೆಲ್ಲ ಒಂದಕ್ಕೊಂದು, ಹೊರಗಿನ ಲೈನಿಗೂ ಜೋಡಿಸುವ ನಮ್ಮ ಇಪಿಎಬಿಎಕ್ಸ್‌ಗೆ, ಅಂದರೆ ಆಸ್ಪತ್ರೆಯ ಎಕ್ಸ್‌ಚೇಂಜಿಗೆ, ಹದಿನೈದು ವರ್ಷ ತುಂಬಿತ್ತು. ಒಳಗಿನ ಫೋನುಗಳ ವೈರು ಸೇರುವ ಎಕ್ಸ್‌ಟೆನ್ಷನ್ ಕಾರ್ಡ್ ಒಂದು ಸುಟ್ಟಾಗ ಹೊಸದು ಎಲ್ಲೂ ಸಿಗಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಕಾರ್ಡ್ ಹುಡುಕಿ ತಂದೆ. ಅದೂ ಆರು ತಿಂಗಳಿಗೆ ಕೈಕೊಟ್ಟಿತು. ಕೊನೆಗೆ ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ನಡೆಯುವ ಐಪಿ ಫೋನ್ ಹಾಕಿಸುವುದು ಅಂತ ತೀರ್ಮಾನವಾಯಿತು.

ಮಾರಲು ಬಂದವರ ಕೊಟೇಷನ್ ಹಿಂದೆ ಎರಡು ಪುಟದ ಬ್ಯಾಕಪ್ ಪ್ಲಾನ್ ಇತ್ತು. ಸರ್ವರ್ ಕೆಟ್ಟರೆ ಇನ್ನೊಂದು ಸರ್ವರ್, ಅಷ್ಟೇ ಅದರ ಸಾರಾಂಶ. ನಮ್ಮ ಕಡೆ ಸರ್ವರ್ ಕೆಡುವುದು ಅಪರೂಪ ಸ್ವಾಮಿ. ಕರೆಂಟು ಹೋಗುತ್ತದೆ, ಮಳೆಗೆ ಕೇಬಲ್ ನೆನೆಯುತ್ತದೆ, ರಸ್ತೆ ಅಗೆಯಲು ಜೆಸಿಬಿ ಬರುತ್ತದೆ. ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಾಗಾಗಿ ಮೊದಲ ವಾರ ನಾನು ಏನನ್ನೂ ಬರೆಯಲಿಲ್ಲ, ಬರೀ ಓಡಾಡಿದೆ. ಫೋನ್ ವೈರುಗಳೆಲ್ಲ ಬಂದು ಸೇರುವ, ಮೆಟ್ಟಿಲ ಕೆಳಗಿನ ಕ್ರೋನ್ ಡಬ್ಬಿಯಿಂದ ಹೊರಟ ಒಂದೊಂದು ಜೋಡಿ ವೈರೂ ಎಲ್ಲಿಗೆ ಹೋಗುತ್ತದೆ ಅಂತ ಟೋನರ್ (ವೈರಿಗೆ ಸದ್ದು ಕೊಟ್ಟು ಅದರ ಇನ್ನೊಂದು ತುದಿ ಹುಡುಕುವ ಸಾಧನ) ಹಿಡಿದು ಹುಡುಕಿದೆ. ಪಟ್ಟಿಯಲ್ಲೇ ಇಲ್ಲದ ಒಂಬತ್ತು ಫೋನ್ ಸಿಕ್ಕವು. ಲಿಫ್ಟ್ ಒಳಗಿನದು, ಆಕ್ಸಿಜನ್ ರೂಮಿನದು, ಶವಾಗಾರದ್ದು ಕೂಡ. ಯಾವ ಫೋನಿಗೆ ಎಷ್ಟು ಹೊತ್ತಿಗೆ ಕರೆ ಜಾಸ್ತಿ ಅಂತ ಗೊತ್ತಿದ್ದದ್ದು ರಿಸೆಪ್ಷನ್‌ನ ಅಕ್ಕನಿಗೆ ಮಾತ್ರ. "ಬೇರೆ ಯಾವ್ದಾದ್ರೂ ಸಾಯ್ಲಿ ಮಾರಾಯ, ರಾತ್ರಿ ಕ್ಯಾಶುಯಾಲಿಟಿ ಫೋನ್ ಸಾಯ್ಬಾರ್ದು. ಹಾವು ಕಚ್ಚಿದವ್ರು ಹಳ್ಳಿಯಿಂದ ಹೊರಡೋ ಮುಂಚೆ ಅದಕ್ಕೇ ಫೋನ್ ಮಾಡೋದು" ಅಂದರು. ನನ್ನ ಪ್ಲಾನ್ ಶುರುವಾಗಿದ್ದು ಆ ಮಾತಿನಿಂದ.

ಮೊದಲು ಕರೆಂಟ್ ವಿಷಯ. ಹಳೇ ಫೋನುಗಳಿಗೆ ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದಲೇ ಕರೆಂಟ್ ಹೋಗುತ್ತಿತ್ತು. ಊರೆಲ್ಲ ಕತ್ತಲಾದರೂ ಅವು ರಿಂಗಾಗುತ್ತಿದ್ದವು. ಐಪಿ ಫೋನ್ ಹಾಗಲ್ಲ. ಅದಕ್ಕೆ ಕರೆಂಟ್ ಬರುವುದು ಆಯಾ ಮಹಡಿಯ ನೆಟ್‌ವರ್ಕ್ ಸ್ವಿಚ್‌ನಿಂದ, ಅಂದರೆ ನೆಟ್‌ವರ್ಕ್ ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆಯಿಂದ. "ಜನರೇಟರ್ ಇದೆಯಲ್ಲ, ಹದಿನೈದು ಸೆಕೆಂಡಿಗೆ ಬರುತ್ತೆ" ಅಂತ ಎಲ್ಲರೂ ಹೇಳಿದರು. ನಾನೂ ನಂಬಿದ್ದೆ. ಯಾವುದಕ್ಕೂ ಇರಲಿ ಅಂತ ಎರಡನೇ ಮಹಡಿಗೆ ಮಾತ್ರ ಹೊಸ ಸ್ವಿಚ್, ಫೋನ್ ಜೋಡಿಸಿ ಮೈನ್ ಆಫ್ ಮಾಡಿ ನೋಡಿದೆ. ಜನರೇಟರ್ ಹದಿನೈದು ಸೆಕೆಂಡಿಗೇ ಬಂತು. ಆದರೆ ಸ್ವಿಚ್ ಎದ್ದು, ಫೋನ್ ಎದ್ದು, ಅದು ಸರ್ವರ್ ಜೊತೆ ಮಾತಾಡಿ ಡಯಲ್ ಟೋನ್ ಕೊಡುವಷ್ಟರಲ್ಲಿ ನಾಲ್ಕು ನಿಮಿಷ ದಾಟಿತ್ತು! ಐಸಿಯುನಲ್ಲಿ ನಾಲ್ಕು ನಿಮಿಷ ಅಂದರೆ ಏನು ಅಂತ ಹೇಳಬೇಕಿಲ್ಲ ಅಲ್ವಾ. ಪ್ರತಿ ಸ್ವಿಚ್‌ಗೂ ಒಂದೊಂದು ಚಿಕ್ಕ ಯುಪಿಎಸ್ ಹಾಕಿಸಿದೆ. ಆ ಹದಿನೈದು ಸೆಕೆಂಡ್ ತಡೆದರೆ ಸಾಕಿತ್ತು, ದೊಡ್ಡದು ಬೇಡವೇ ಬೇಡ.

ಲೈನ್ ಸ್ಪೀಡ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಸುಮ್ನೆ. ಟೆಲಿಕಾಂ ಕಂಪನಿಯಿಂದ ಬರುವ ನಮ್ಮ ಹಳೇ ಡಿಜಿಟಲ್ ಫೋನ್ ಲೈನ್, ಅಂದರೆ ಪಿಆರ್‌ಐನಲ್ಲಿ ಒಂದೇ ಸಲ 30 ಕರೆ ಹೋಗುತ್ತಿದ್ದವು. ಅಷ್ಟನ್ನೂ ಸಿಪ್ ಟ್ರಂಕ್ (ಡೇಟಾ ಲೈನಿನಲ್ಲೇ ಬರುವ ಹೊಸ ಥರದ ಫೋನ್ ಲೈನ್) ಮೇಲೆ ಹಾಕಿದರೂ 3 ಎಂಬಿಪಿಎಸ್ ಸಾಕು. ನನಗೆ ತಲೆನೋವಾದದ್ದು ಬೇರೆ. ಹೊಸ ಸಿಪ್ ಲೈನಿಗೆ ಹಳೇ ಪಿಆರ್‌ಐ ಬ್ಯಾಕಪ್ ಅಂತ ನಾವು ಲೆಕ್ಕ ಹಾಕಿದ್ದೆವು. ಗೇಟಿನ ಹತ್ತಿರ ಗುಂಡಿ ತೆಗೆಸಿ ನೋಡಿದರೆ ಎರಡೂ ಬರುತ್ತಿದ್ದದ್ದು ಒಂದೇ ಫೈಬರಿನಲ್ಲಿ. ಒಂದೇ ಕೊಂಬೆಗೆ ಎರಡು ಹಗ್ಗ ಕಟ್ಟಿದಂತೆ. ಆಮೇಲೆ ನಾಲ್ಕು ಸಿಮ್ ಹಾಕುವ ಗೇಟ್‌ವೇ, ಅಂದರೆ ಮೊಬೈಲ್ ಕರೆಯನ್ನು ನಮ್ಮ ಎಕ್ಸ್‌ಚೇಂಜಿಗೆ ತಲುಪಿಸುವ ಪೆಟ್ಟಿಗೆ ತಂದೆ, ಎರಡು ಕಂಪನಿಯ ಎರಡೆರಡು ಸಿಮ್. ಫೈಬರ್ ಸತ್ತರೆ ನಮ್ಮ ಮುಖ್ಯ ನಂಬರಿಗೆ ಬರುವ ಕರೆ ಆ ಸಿಮ್‌ಗಳಿಗೆ ತಿರುಗುವಂತೆ ಟೆಲಿಕಾಂನವರಿಗೆ ಪತ್ರ ಬರೆದು ಮೊದಲೇ ಸೆಟ್ ಮಾಡಿಸಿದೆ. ಹೊರಗೆ ಹೋಗುವ ಕರೆಗೆ ಚಿಂತೆಯಿಲ್ಲ, ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ಒಳಗೆ ಬರುವ ಕರೆಯದ್ದೇ ಪ್ರಶ್ನೆ.

ಇನ್ನು ಬದಲಾವಣೆಯ ದಿನ. ಇಂಜಿನಿಯರ್ ಭಾನುವಾರ ರಾತ್ರಿ ಅಂದ. ನಾನು ಒಪ್ಪಲಿಲ್ಲ. ಸೋಮವಾರ ಬೆಳಗ್ಗೆ ಒಪಿಡಿ ಜಾತ್ರೆ. ಭಾನುವಾರ ಏನಾದರೂ ಬೇಕಾದರೆ ಪೇಟೆಯಲ್ಲಿ ಅಂಗಡಿಯೂ ಇರಲ್ಲ. ಮಂಗಳವಾರ ರಾತ್ರಿ ಹನ್ನೊಂದೂವರೆ ಅಂತ ಆಯಿತು. ಒಂದೇ ರಾತ್ರಿ ಎರಡು ಬದಲಾವಣೆ ಬೇಡ ಅಂತಲೂ ಹಟ ಹಿಡಿದೆ. ಮೊದಲು ಎಕ್ಸ್‌ಚೇಂಜ್ ಮಾತ್ರ, ಲೈನ್ ಅದೇ ಪಿಆರ್‌ಐ. ಹಳೇ ಎಕ್ಸ್‌ಚೇಂಜ್ ಆನ್ ಆಗಿಯೇ ಇರಬೇಕು, ಹಳೇ ಫೋನುಗಳೂ ಮೇಜಿನ ಮೇಲೇ ಇರಬೇಕು. ವಾಪಸ್ ಹೋಗಬೇಕಾದರೆ ಒಂದು ಕೇಬಲ್ ಕಿತ್ತು ಹಳೇ ಡಬ್ಬಿಗೆ ಚುಚ್ಚಿದರೆ ಮುಗಿಯಿತು.

ವಾಪಸ್ ಯಾವಾಗ ಅನ್ನುವುದನ್ನೂ ಬರೆದಿಟ್ಟೆವು. ರಾತ್ರಿ ಒಂದೂವರೆ. ಹೇಳುವವರು ನೈಟ್ ಸೂಪರಿಂಟೆಂಡೆಂಟ್ ಮೇಡಂ, ನಾನಲ್ಲ. ಕೆಲಸದಲ್ಲಿ ಮುಳುಗಿದವನಿಗೆ ಯಾವಾಗಲೂ "ಇನ್ನೇನು ಆಯ್ತು" ಅನ್ನಿಸುತ್ತಿರುತ್ತದೆ.

ಆ ರಾತ್ರಿ ಪಿಆರ್‌ಐ ಲೈನನ್ನು ಹೊಸ ಎಕ್ಸ್‌ಚೇಂಜಿಗೆ ಜೋಡಿಸುವ ಗೇಟ್‌ವೇಯ ಲೈಟು ಕೆಂಪಾಗಿ ಕೂತಿತು, ಹಸಿರಾಗಲೇ ಇಲ್ಲ. ಕೇಬಲ್ ಬದಲಿಸಿದೆವು, ರೀಸ್ಟಾರ್ಟ್ ಮಾಡಿದೆವು. ಒಂದೂ ಇಪ್ಪತ್ತೈದಕ್ಕೆ ಇಂಜಿನಿಯರ್ "ಐದೇ ನಿಮಿಷ ಸರ್" ಅಂದ. ನಾನೂ ತಲೆಯಾಡಿಸಿದೆ. ಸರಿಯಾಗಿ ಒಂದೂವರೆಗೆ ಮೇಡಂ ಗಡಿಯಾರ ನೋಡಿ "ತೆಗೀರಿ" ಅಂದರು. ಎರಡು ನಿಮಿಷಕ್ಕೆ ಹಳೇ ಎಕ್ಸ್‌ಚೇಂಜ್ ಮಾತಾಡತೊಡಗಿತು. ನನಗೆ ಅವಮಾನವಾದಂತೆ ಅನ್ನಿಸಿದ್ದು ನಿಜ. ಮಾರನೇ ದಿನ ಹಳೇ ಎಕ್ಸ್‌ಚೇಂಜಿನ ಪ್ರೋಗ್ರಾಮಿಂಗ್ ತೆಗೆದು ನೋಡಿದರೆ ಸಿಆರ್‌ಸಿ-4 ಅನ್ನುವ, ಲೈನಿನಲ್ಲಿ ತಪ್ಪು ಪತ್ತೆಹಚ್ಚುವ ಒಂದು ಸೆಟ್ಟಿಂಗ್ ಆಫ್ ಆಗಿತ್ತು, ಹೊಸದರಲ್ಲಿ ಆನ್ ಇತ್ತು. ಅಷ್ಟಕ್ಕೇ! ಮುಂದಿನ ಮಂಗಳವಾರ ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ತಿಂಗಳ ನಂತರ ಸಿಪ್ ಟ್ರಂಕ್‌ಗೆ ಹೋದೆವು. ನಮ್ಮ ಮಾತು ಆಚೆಗೆ ಕೇಳುತ್ತದೆ, ಅವರದ್ದು ನಮಗೆ ಕೇಳಲ್ಲ. ಫೈರ್‌ವಾಲ್‌ನಲ್ಲಿ ಸಿಪ್ ಎಎಲ್‌ಜಿ ಅನ್ನುವ, ಸಿಪ್ ಕರೆಯ ಮಾಹಿತಿಯನ್ನು ತಾನೇ ತಿದ್ದುವ ಸೆಟ್ಟಿಂಗ್ ಆಫ್ ಮಾಡಿದ ಮೇಲೆ ಸರಿಯಾಯಿತು. ಇದು ಹೆಚ್ಚುಕಡಿಮೆ ಎಲ್ಲರಿಗೂ ಕಾಡುವಂಥದ್ದು, ಬಿಡಿ.

ನಿಜವಾದ ಪರೀಕ್ಷೆ ಬಂದದ್ದು ಮಳೆಗಾಲಕ್ಕೆ ಮುಂಚೆ, ಚರಂಡಿ ಅಗೆಯಲು ಜೆಸಿಬಿ ಬಂದಾಗ. ಫೈಬರ್ ತುಂಡಾಯಿತು. ಕರೆಗಳು ಸಿಮ್‌ಗಳ ಕಡೆ ತಿರುಗಿದವು. ನಾನು ಬೀಗುತ್ತಾ ರಿಸೆಪ್ಷನ್‌ಗೆ ಬಂದರೆ ಅಕ್ಕ, "ಎರಡೇ ಲೈನ್ ಬರ್ತಿದೆ ಕಣೋ, ಇನ್ನೆರಡು ಎಲ್ಲಿ?" ಅಂದರು. ಎರಡು ಸಿಮ್‌ಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ವ್ಯಾಲಿಡಿಟಿ ಮುಗಿದು ಇನ್‌ಕಮಿಂಗ್ ನಿಂತುಹೋಗಿತ್ತು. ಗೇಟ್‌ವೇಗೆ, ಯುಪಿಎಸ್‌ಗೆ ಅಷ್ಟೆಲ್ಲ ಸುರಿದು, ರೀಚಾರ್ಜ್ ಮಾಡಿಸುವುದನ್ನೇ ಮರೆತಿದ್ದೆ.

ಈಗ ಪ್ರತಿ ತಿಂಗಳು ಒಂದನೇ ತಾರೀಖು ಅಕ್ಕ ತಮ್ಮ ಮೊಬೈಲಿನಿಂದ ನಾಲ್ಕೂ ಸಿಮ್‌ಗೆ, ಲಿಫ್ಟ್ ಫೋನಿಗೆ ಕರೆ ಮಾಡಿ ನೋಡುತ್ತಾರೆ. ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲೇ ಅದಕ್ಕೊಂದು ಟಿಕ್ ಹಾಕುತ್ತಾರೆ. ಟಿಕ್ ಬೀಳದಿದ್ದರೆ ಅವತ್ತು ನನಗೆ ಕಾಫಿ ಇಲ್ಲ.